ಖಾಲಿ ಗೂಡಿನ ಹೊಲಿಗೆ

ರುಸ್ತಾವಿಯ ಕಾರು ಸಂತೆಯಲ್ಲಿ
ಹನ್ನೊಂದು ವರ್ಷ ನನ್ನದು ಸೂಜಿಯ ಕೆಲಸ.
ಹಡಗಿನಲ್ಲಿ ಬರುತ್ತವೆ ದೂರದೇಶದ ಗುದ್ದಿದ ಕಾರುಗಳು,
ಮೂತಿ ಜಜ್ಜಿದವು, ಪಕ್ಕೆ ಮುರಿದವು,
ಸೀಟಿನ ಸಂದಿಯಲ್ಲಿ ಯಾರದೋ ಬಾಚಣಿಗೆ, ಯಾರದೋ ಕಿವಿಯೋಲೆ.
ತಗಡಿನವನು ತಟ್ಟುತ್ತಾನೆ, ಬಣ್ಣದವನು ಬಳಿಯುತ್ತಾನೆ,
ಕೊನೆಗೆ ಬಾದ್ರಿ ನನ್ನನ್ನು ಕೂಗುತ್ತಾನೆ:
"ಶಾಲ್ವಾ, ಬಾಯಿ ಹೊಲಿ."

ಬಾಯಿ ಅಂದರೆ ಡ್ಯಾಶ್‌ಬೋರ್ಡಿನ ಸೀಳು.
ಒಳಗಿದ್ದ ಏರ್‌ಬ್ಯಾಗು ಒಮ್ಮೆ ಹಾರಿ, ಉಬ್ಬಿ,
ಯಾರದೋ ಮುಖ ಹಿಡಿದುಕೊಂಡು
ಆಮೇಲೆ ಜೋತುಬಿದ್ದಿರುತ್ತದೆ, ಹಾಲು ಬತ್ತಿದ ಕೆಚ್ಚಲ ಹಾಗೆ.
ಕತ್ತರಿಸಿ ಬಿಸಾಡುತ್ತೇವೆ.
ಹೊಸದಕ್ಕೆ ದುಡ್ಡು ಬೇಕು.
ಖಾಲಿ ಗೂಡಿಗೆ ಒಂದಿಷ್ಟು ಸ್ಪಂಜು, ಹಳೆಯ ಪತ್ರಿಕೆ,
ಮೇಲೆ ಹೊಸ ಚರ್ಮ,
ಅದರ ಮೇಲೆ ಕಾರ್ಖಾನೆಯೇ ನಾಚುವಂಥ ನನ್ನ ಹೊಲಿಗೆ.
ಎಚ್ಚರಿಕೆಯ ಕೆಂಪು ದೀಪವನ್ನು
ಗಿವಿ ಎಂಬ ಹುಡುಗ ಬೇರೆ ತಂತಿಗೆ ಗಂಟು ಹಾಕುತ್ತಾನೆ:
ಕೀಲಿ ತಿರುಗಿಸಿದರೆ ಹೊತ್ತಬೇಕು,
ಒಂದರಿಂದ ಎಣಿಸಿದರೆ ಆರಕ್ಕೆ ಆರಬೇಕು.
ಆರುತ್ತದೆ.
ಸುಳ್ಳಿಗೂ ಒಂದು ಶಿಸ್ತು ಬೇಕಲ್ಲ.

ರಾತ್ರಿ ನನಗೆ ನಿದ್ದೆ ಬರುತ್ತಿತ್ತು. ಇದನ್ನೂ ಹೇಳಬೇಕು.

ಮಾರ್ಚ್ ತಿಂಗಳ ಒಂದು ಶನಿವಾರ, ಧೂಳಿನ ಗಾಳಿ.
ತೆಲಾವಿಯಿಂದ ಒಬ್ಬಳು ಬಂದಳು, ದಾರೇಜಾನ್ ಅಂತ,
ಆಸ್ಪತ್ರೆಯ ನರ್ಸು, ರಾತ್ರಿಪಾಳಿ.
ಹೆಗಲಿಗೆ ನಾಲ್ಕು ತಿಂಗಳ ವಾಚೆ,
ಇನ್ನೊಂದು ಕೈಯಲ್ಲಿ ಕೂಸಿನ ಹೊಚ್ಚ ಹೊಸ ಕುರ್ಚಿ,
ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.
ಬೂದು ಕಾರು ಅವಳಿಗೆ ಹಿಡಿಸಿತು.
ಬಾಗಿಲು ಮುಚ್ಚಿದ ಸದ್ದು ಹಿಡಿಸಿತು.
ನನ್ನ ಹೊಲಿಗೆಯ ಮೇಲೆ ಬೆರಳಾಡಿಸಿ ಕೇಳಿದಳು:
"ಹಿಂದೆ ಕೂರಿಸಿದರೆ ಅಳುತ್ತಾನೆ, ಓಡಿಸುವವಳು ನಾನೊಬ್ಬಳೇ.
ಮುಂದೆ, ಪಕ್ಕದಲ್ಲೇ ಕಟ್ಟಿಕೊಳ್ಳೋಣವೆಂದರೆ
ಏರ್‌ಬ್ಯಾಗು ಸಿಡಿದು ಕುರ್ಚಿಯ ಬೆನ್ನಿಗೇ ಬಡಿಯುತ್ತದಂತೆ,
ಎಳೆ ಕತ್ತು ತಾಳದಂತೆ.
ಅದನ್ನು ಆರಿಸುವ ಗುಂಡಿ ಎಲ್ಲಿದೆ?"

ಬಾದ್ರಿ ನಕ್ಕ. "ಇದು ಸಾಧು ಕಾರು, ತಂಗಿ.
ಯಾರಿಗೂ ಬಡಿಯುವುದಿಲ್ಲ."

ಹನ್ನೊಂದು ವರ್ಷದಲ್ಲಿ ಅವನಾಡಿದ ಒಂದೇ ನಿಜ ಅದು.

ಮಗು ನನ್ನನ್ನು ನೋಡುತ್ತಿತ್ತು.
ಅಲ್ಲ, ನನ್ನ ತುಟಿಯಲ್ಲಿ ಕಚ್ಚಿದ್ದ ಸೂಜಿಯ ಹೊಳಪನ್ನು.
ಅದರ ತಲೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು,
ಥಟ್ಟನೆ ಹಿಂದಕ್ಕೆ.
ತಾಯಿ ಮಾತಾಡುತ್ತಲೇ ಇದ್ದಳು, ನೋಡಲೂ ಇಲ್ಲ,
ಅಂಗೈ ತಾನೇ ಬಂದು ಆನಿಸಿಕೊಂಡಿತು.
ಅಷ್ಟೇ. ಬೇರೇನೂ ಆಗಲಿಲ್ಲ.

ಕತ್ತರಿ ತೆಗೆದೆ.
ಒಂದು ಗಂಟೆ ಕೂತು ಹಾಕಿದ ಹೊಲಿಗೆ
ಮೂರು ಉಸಿರಿಗೆ ಬಿಚ್ಚಿತು.
ಸ್ಪಂಜು ಎಳೆದೆ. ಪತ್ರಿಕೆ ಎಳೆದೆ:
ಕಳೆದ ವರ್ಷದ ಫುಟ್‌ಬಾಲ್, ಎಂದೋ ಬಂದುಹೋದ ಮಳೆಯ ಮುನ್ಸೂಚನೆ.
"ಗುಂಡಿ ಇಲ್ಲಮ್ಮ, ಆರಿಸಲು ಏನೂ ಇಲ್ಲ.
ನಿಮ್ಮ ಮುಂದಿನ ಚಕ್ರದಲ್ಲೂ ಇಲ್ಲ.
ಯಾವ ಕಾರು ಕೊಂಡರೂ ಇವನನ್ನು ಹಿಂದೆಯೇ ಕೂರಿಸಿ,
ಮುಖ ಹಿಂಬದಿಗೆ ಮಾಡಿ, ಬೆಲ್ಟು ಬಿಗಿದು.
ಅಳಲಿ ಬಿಡಿ."

ಅವಳು ಆ ಗೂಡಿನೊಳಗೆ ಮಣಿಕಟ್ಟಿನವರೆಗೆ ಕೈಹಾಕಿದಳು,
ನರ್ಸುಗಳು ಹುಡುಕುವ ಹಾಗೆ, ಕಣ್ಣು ಬೇರೆಲ್ಲೋ ಇಟ್ಟು.
ಹೊರತೆಗೆದು ಕೋಟಿಗೆ ಒರೆಸಿಕೊಂಡಳು.
ಬೈಯಲಿಲ್ಲ. ಉಪಕಾರ ಅನ್ನಲಿಲ್ಲ.
"ಇಂಥವು ಎಷ್ಟು ಹೊಲಿದಿದ್ದೀರಿ?" ಅಂದಳು.

ನಾನು ಲೆಕ್ಕ ಇಟ್ಟಿರಲಿಲ್ಲ.

ಬೂದು ಕಾರು ಗುರುವಾರ ಮಾರಾಟವಾಯಿತಂತೆ.
ಯಾರಿಗೆಂದು ಗಿವಿ ಹೇಳಲಿಲ್ಲ.
ಹೊಸಬನ ಹೊಲಿಗೆ ತುಸು ಓರೆ ಅಂದ, ನನ್ನನ್ನು ಸಮಾಧಾನ ಮಾಡಲೆಂದು.

ಈಗ ಸೋಫಾ ಹೊಲಿಯುತ್ತೇನೆ. ಹೊಟ್ಟೆಪಾಡು ನಡೆಯುತ್ತದೆ.
ಸಿಗ್ನಲ್ಲಿನಲ್ಲಿ ಬೂದು ಕಾರು ನಿಂತರೆ
ಕಾಲು ತಾನೇ ರಸ್ತೆಗಿಳಿಯುತ್ತದೆ.
ಬಗ್ಗಿ ಕಿಟಕಿಯಲ್ಲಿ ಇಣುಕುತ್ತೇನೆ,
ಮುಂದಿನ ಸೀಟಿನಲ್ಲಿ ಯಾರಿದ್ದಾರೆ, ಹಿಂದೆ ಕುರ್ಚಿ ಇದೆಯೇ.
ಭಿಕ್ಷುಕನೆಂದುಕೊಂಡು
ಗಾಜು ಏರಿಸಿಕೊಳ್ಳುತ್ತಾರೆ.