ಹತ್ತು ಮಕ್ಕಳ ಸೀಸೆ

ಒಂದು ಸೀಸೆಗೆ ಹತ್ತು ಮಕ್ಕಳು.
ಪುಡಿಗೆ ನೀರು ಬೆರೆಸಿದ ಮೇಲೆ ನಾಲ್ಕು ಗಂಟೆ, ಅಷ್ಟೇ ಆಯಸ್ಸು.
ಉಳಿದದ್ದು ಚೆಲ್ಲಬೇಕು, ಚೆಲ್ಲಿದ್ದು ಬರೆಯಬೇಕು,
ಬರೆದದ್ದಕ್ಕೆ ತಾಲ್ಲೂಕಿನ ಸಭೆಯಲ್ಲಿ
ಎದ್ದು ನಿಂತು ಉತ್ತರ ಹೇಳಬೇಕು.

ಆ ಬುಧವಾರ ಮಾಲ್ದಾರೆಯ ಅಂಗನವಾಡಿಗೆ
ಬಂದದ್ದು ಒಬ್ಬಳೇ.
ಜಹನಾರಾ. ಅಸ್ಸಾಮಿನವಳು. ಕಂಕುಳಲ್ಲಿ ಹತ್ತು ತಿಂಗಳ ಮೊಫಿದುಲ್.
ಅರ್ಧ ದಿನದ ಕೂಲಿ ಬಿಟ್ಟು, ಆನೆ ದಾಟಿದ ದಾರಿಯಲ್ಲಿ
ಹಸಿ ಲದ್ದಿಯ ಪಕ್ಕ ಹೆಜ್ಜೆಯಿಟ್ಟು ಬಂದಿದ್ದಳು.

ಹನ್ನೆರಡರವರೆಗೆ ಕಾದೆವು.
ಹಾಡಿಯಿಂದ ಯಾರೂ ಬರಲಿಲ್ಲ, ಅವತ್ತು ಬಟವಾಡೆ.
ಮುಂದಿನ ಬುಧವಾರ ಬಾ ಎಂದೆ.
ಭಾಷೆ ಸಾಲದೆ ಏಳು ಬೆರಳು ತೋರಿಸಿದೆ.
ಅವಳೂ ಏಳು ಬೆರಳು ತೋರಿಸಿ ನಕ್ಕಳು.

ಒಂದೇ ಮಗು ಬಂದರೂ ಒಡೆಯಿರಿ ಅಂತ ಸುತ್ತೋಲೆ ಇತ್ತು.
ನನ್ನದೇ ಕಡತದಲ್ಲಿ, ಓದಿದ್ದೇನೆ ಎಂಬ ನನ್ನದೇ ಸಹಿಯ ಜೊತೆ.

ಏಳನೇ ದಿನ ಲೈನ್ ಮನೆಗೆ ಹೋದರೆ ಬೀಗವೂ ಇಲ್ಲ,
ಬಾಗಿಲು ಹಾರು ಹೊಡೆದಿತ್ತು. ಒಲೆಯಲ್ಲಿ ತಣ್ಣನೆ ಬೂದಿ.
"ಕುಯಿಲು ಮುಗೀತಲ್ಲ ಸಿಸ್ಟರೇ,
ಜೀಪು ಬಂದು ತುಂಬಿಕೊಂಡು ಹೋಯ್ತು" ಎಂದರು ರೈಟರ್ ಉತ್ತಯ್ಯ.
ಎಲ್ಲಿಗೆ?
"ಮೆಣಸು ಎಲ್ಲಿ ಹಣ್ಣಾಗಿದೆಯೋ ಅಲ್ಲಿಗೆ."

ಪಟ್ಟಿಯಲ್ಲಿ ಬರೆದೆ: ವಲಸೆ.
ಬರೆದ ಕೂಡಲೇ ಆ ಹೆಸರು ನೂರರೊಳಗಿಂದ ಹೊರಗೆ ಬಿತ್ತು.
ಮಾರ್ಚಿನಲ್ಲಿ ನಮ್ಮ ಉಪಕೇಂದ್ರ ನೂರಕ್ಕೆ ತೊಂಬತ್ತೇಳು.
ಗೋಡೆಯ ಚಾರ್ಟಿಗೆ ಹಸಿರು ನಾನೇ ತುಂಬಿದೆ.
ಉಳಿದ ಮೂರು ಎಲ್ಲಿ ಅಕ್ಕಾ ಎಂದಳು ಆಶಾ ಬೊಳ್ಳವ್ವ.
ಆ ಮೂರನ್ನು ಹುಡುಕಿದೆವು, ಸಿಕ್ಕವು.
ನೂರರಲ್ಲೇ ಇಲ್ಲದವರನ್ನು ಯಾರು ಹುಡುಕುತ್ತಾರೆ?
ಅವರೆಲ್ಲ ಒಂದೇ ತಗಡಿನ ಸೂರಿನ ಕೆಳಗೆ, ಒಂದೇ ನಲ್ಲಿಯ ಸುತ್ತ,
ಒಬ್ಬನ ಕೆಮ್ಮು ಇನ್ನೊಬ್ಬನ ಗೋಡೆಗೆ ಬಡಿಯುವಷ್ಟು ಹತ್ತಿರ ಇದ್ದರು.

ಹೂಮಳೆ ಬಿದ್ದ ವಾರ ಫೋನು. ಪಾಲಿಬೆಟ್ಟದಾಚೆ.
ದಡಾರ, ಹದಿನಾಲ್ಕು ಮಕ್ಕಳು.
ಬಾಗಿಲಿಗೆ ಬೇವು ಸಿಕ್ಕಿಸಿದ್ದರು. ಈ ಊರಲ್ಲಿ ಬೇವೆಲ್ಲಿ?
ಹುಣಸೂರಿನಿಂದ ಬಸ್ಸಿನಲ್ಲಿ ತರಿಸಿದ್ದಂತೆ.
ಅಮ್ಮ ಬಂದಿದ್ದಾಳೆ, ಸೂಜಿ ತೋರಿಸಬೇಡಿ ಎಂದಳೊಬ್ಬಳು ಅಜ್ಜಿ.

ಡಾಕ್ಟರು ಟಾರ್ಚು ಹಿಡಿದರು. ನಾನು ದವಡೆ ಒತ್ತಿ ಹಿಡಿದೆ.
ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ,
ಕಿವಿಯ ಹಿಂದಿನಿಂದ ಹೊರಟು ಎದೆಗಿಳಿದ ಕೆಂಪು.
ಕಾಫಿ ಹಣ್ಣಿನ ಹಾಗೆ ಎಂದು ಯಾರೋ ಅಂದರು.
ಅಲ್ಲ. ಕಾಫಿ ಹಣ್ಣಿಗೆ ಲೆಕ್ಕವಿದೆ,
ಸಂಜೆ ರೈಟರ ಪುಸ್ತಕದಲ್ಲಿ ಒಂದು ಕಿಲೋ ತಪ್ಪುವುದಿಲ್ಲ.

ಜ್ವರದ ಔಷಧಕ್ಕೆ ತೂಕ ಬೇಕಿತ್ತು.
ಮೂಟೆ ತೂಗುವ ಕೊಕ್ಕೆಗೆ ಸೀರೆಯ ಜೋಲಿ ಕಟ್ಟಿ
ಮೊಫಿದುಲ್‌ನನ್ನು ಮಲಗಿಸಿದೆವು. ಆರು ಮುಕ್ಕಾಲು.
ಜೋಲಿಯ ತೂಕ ಕಳೆಯಿರಿ ಎಂದರು ಡಾಕ್ಟರು.

ಜಹನಾರಾ ನನ್ನ ಗುರುತು ಹಿಡಿದಳು.
ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ತಾಯಿ ಕಾರ್ಡು ತೆಗೆದಳು,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಡಿಕೆ ಸವೆಯದಂತೆ ಕಾಪಾಡಿದ್ದು.
ಒಂಬತ್ತು ತಿಂಗಳ ಚೌಕ ಖಾಲಿ.
ಪಕ್ಕದಲ್ಲಿ ಪೆನ್ಸಿಲಿನಲ್ಲಿ ನನ್ನ ದುಂಡಕ್ಷರ:
ಮುಂದಿನ ಬುಧವಾರ.

ಆಂಬುಲೆನ್ಸು ಮಡಿಕೇರಿಗೆ ಎರಡು ಸಲ ಹೋಯಿತು.
ಪಕ್ಕದ ಮನೆಯ ಕೂಸಿಗೆ ಇನ್ನೂ ಆರೇ ತಿಂಗಳು, ಚುಚ್ಚುವ ವಯಸ್ಸೇ ಅಲ್ಲ.
ಸುತ್ತಲಿನವರ ತೋಳಿನ ಮೇಲೆ ಅದರ ಜೀವ ನಿಂತಿತ್ತು.
ಅದು ವಾಪಸು ಬರಲಿಲ್ಲ.
ಮೊಫಿದುಲ್ ಬಂದ. ಬಲಗಿವಿ ಸೋರುತ್ತದೆ,
ಯಾವ ಕಡೆಯಿಂದ ಕರೆದರೂ ಎಡಕ್ಕೇ ತಿರುಗುತ್ತಾನೆ.

ಇವತ್ತು ಬುಧವಾರ.
ಹಾಡಿಯಿಂದ ಒಬ್ಬಳು ಹುಡುಗಿ,
ಬೆನ್ನಿಗೆ ತಮ್ಮನನ್ನು ಕಟ್ಟಿಕೊಂಡು. ಅಮ್ಮ ಕೆಲಸಕ್ಕೆ ಹೋಗಿದ್ದಾಳಂತೆ.
ಬೊಳ್ಳವ್ವ ದಾರಿ ನೋಡಿದಳು, ಆಮೇಲೆ ನನ್ನ ಮುಖ.

ಸೀಸೆಯ ಮುಚ್ಚಳ ಕಿತ್ತೆ.
ಲೇಬಲ್ಲಿನ ಮೇಲೆ ಸಮಯ ಬರೆದೆ, ಹತ್ತು ಹನ್ನೆರಡು.
ಹುಡುಗ ಜೋರಾಗಿಯೇ ಅತ್ತ.
ಉಳಿದ ಒಂಬತ್ತು ಐಸಿನ ಮೇಲೆ ಕೂತಿವೆ,
ಎರಡು ಹನ್ನೆರಡರ ತನಕ.
ಲೈನಿನ ಕಡೆ ಹೋಗಿ ಕೂಗಿ ಬರ್ತೀನಿ ಅಕ್ಕಾ,
ಎನ್ನುತ್ತ ಬೊಳ್ಳವ್ವ ಚಪ್ಪಲಿ ಹುಡುಕುತ್ತಿದ್ದಾಳೆ.