ಒರೆಗಲ್ಲಿನ ಮೇಲೊಂದು ಗೀರು

ನಗರ್ತಪೇಟೆಯ ನಮ್ಮ ಕಟ್ಟಡದಲ್ಲಿ
ಲಿಫ್ಟು ಓಡಿಸುವವರು ಜ್ಞಾನಾಭರಣಂ.
ಮೂರು ಮಹಡಿಗೆ ಲಿಫ್ಟು ಯಾಕೆ ಕೇಳಬೇಡಿ,
ಮಾಲೀಕರ ತಾಯಿಗೆ ಮಂಡಿನೋವು.
ಬಂದ ಮೊದಲ ದಿನವೇ ಕೇಳಿದ್ದರು:
ಇದು ಕೆಳಗೆ ಎಲ್ಲೀವರೆಗೆ ಹೋಗುತ್ತೆ?
ನೆಲದವರೆಗೆ, ಅಂದೆ.
ಅಷ್ಟೇನಾ, ಅಂದರು.

ನಾನು ಮೇಲಿನ ಮಹಡಿಯಲ್ಲಿ ಒರೆ ನೋಡುವವನು.
ಬಳೆ, ಓಲೆ, ಮುರಿದ ಮಾಟಿ, ಯಾರದೋ ತಾಳಿಗುಂಡು
ಕರಿಕಲ್ಲಿಗೆ ಉಜ್ಜಿ, ಆಸಿಡ್ಡು ತೊಟ್ಟು ಬಿಟ್ಟು
ಎಷ್ಟು ನಿಜ, ಎಷ್ಟು ತಾಮ್ರ, ಹೇಳುತ್ತೇನೆ.
ಚಿನ್ನವೆಂದರೆ ನನಗೆ ಅರ್ಧ ಬೆರಳುದ್ದದ ಗೆರೆ.

ಒಂದು ಭಾನುವಾರ ನನ್ನ ಓಮ್ನಿಯಲ್ಲಿ ಹೊರಟೆವು.
ಟಿನ್ ಫ್ಯಾಕ್ಟರಿಯಲ್ಲೇ ಮುಕ್ಕಾಲು ಗಂಟೆ,
ಹೊಸಕೋಟೆ ದಾಟಿ ಇಡ್ಲಿ,
ಬಂಗಾರಪೇಟೆ ಬಂತೆನ್ನುವಾಗ ಅವರು
ಕೊರಳ ಗುಂಡಿ ಹಾಕಿಕೊಂಡರು,
ಹೆಣ್ಣು ಕೇಳಲು ಹೋಗುವವರ ಹಾಗೆ.

ರಾಬರ್ಟ್‌ಸನ್‌ಪೇಟೆ, ಊರ್ಗಾಂ, ಚಾಂಪಿಯನ್ ರೀಫ್,
ಒಂದೊಂದು ಹೆಸರಿಗೂ ನಿಲ್ಸಿ ನಿಲ್ಸಿ ಎಂದು ಇಳಿದರು.
ಶಾಫ್ಟಿನ ಬಾಯಿಗೆ ಬೇಲಿ, ಬೇಲಿಗೆ ಬಳ್ಳಿ,
ಬಳ್ಳಿಯ ಮೇಲೆ ಒಣಹಾಕಿದ ಯಾವುದೋ ಮಗುವಿನ ಲಂಗ.
ಸೈನೈಡ್ ದಿಬ್ಬದ ಬೂದು ಮಣ್ಣು ಗಾಳಿಗೆದ್ದು
ನಮ್ಮಿಬ್ಬರ ಹುಬ್ಬಿಗೂ ಒಂದೇ ವಯಸ್ಸು ಕೊಟ್ಟಿತು.

‘ಕೇಜು ಇಳಿಯುವಾಗ ಕಿವಿ ಎರಡು ಸಲ ಮುಚ್ಚೋದು ಸಾರ್.
ಮೂರನೇ ಸಲ ಮುಚ್ಚೋ ಹೊತ್ತಿಗೆ ನೆಲ.
ನೆಲ ಅಂದ್ರೆ ನಿಮ್ಮ ನೆಲ ಅಲ್ಲ.
ಈಗೆಲ್ಲ ನೀರು.’

ಬಂಗಾರ ಹೇಗಿರ್ತಿತ್ತು, ಕೇಳಿದೆ.
‘ಇಪ್ಪತ್ತೆಂಟು ವರ್ಷ, ಒಂದ್ಸಲಾನೂ ನೋಡಿಲ್ಲ.
ಕಲ್ಲು ನೋಡಿದೀನಿ. ಬಿಸಿ ಕಲ್ಲು.
ಕಲ್ಲು ಸಿಡಿದ ದಿನ ದೇವಾಶೀರ್ವಾದಂ ಟೋಪಿ ನೋಡಿದೀನಿ.’
ಟೋಪಿಯ ಬಗ್ಗೆ ಮತ್ತೇನೂ ಹೇಳಲಿಲ್ಲ.

ವಾಪಸು ಬರುವಾಗ ಅದೇ ಹಳೇ ಮದ್ರಾಸ್ ರಸ್ತೆ,
ಮುಂದೆ ಕೆಂಪು ದೀಪಗಳ ಸಾಲು ಅಲ್ಲಾಡುವುದಿಲ್ಲ.
ಪಕ್ಕದಲ್ಲಿ ಅವರು ನಿದ್ದೆಯಲ್ಲಿ,
ಬಲಗೈ ಮುಷ್ಟಿ ಮಾತ್ರ ಎಚ್ಚರ.

ಸೋಮವಾರ ನನ್ನ ಮೇಜಿನ ಮೇಲೆ ಅದನ್ನು ಬಿಚ್ಚಿದರು:
ಬಿಳಿನರ ಹಾಯ್ದ ಒಂದು ಚೂರು ಕಲ್ಲು.
‘ನೋಡಿ ಸಾರ್. ಸುಮ್ನೆ.’

ಒರೆಗೆ ಹಚ್ಚಿದೆ. ಗೆರೆ ಮೂಡಲಿಲ್ಲ.
ಗೀರು ಬಿತ್ತು, ನನ್ನ ಒರೆಗಲ್ಲಿಗೇ,
ಅಪ್ಪ ಕೊಟ್ಟದ್ದಕ್ಕೆ, ಐವತ್ತು ವರ್ಷ ನುಣುಪಾಗಿದ್ದದ್ದಕ್ಕೆ.
ಗಟ್ಟಿ ಇದೆ, ಅಂದೆ.
ಗೊತ್ತು, ಅಂದರು.
ಕೆಳಗಿಂದ ಯಾರೋ ಗಂಟೆ ಒತ್ತಿದರು, ಹೋದರು.

ಈಗ ಯಾರ ಓಲೆ ಉಜ್ಜಿದರೂ
ಹಳದಿ ಗೆರೆ ಅಲ್ಲಿಗೆ ಬಂದು
ತುಸು ತಡವರಿಸಿ ದಾಟುತ್ತದೆ.
ಎಣ್ಣೆ ಹಾಕಿ ತಿಕ್ಕಿದರೆ ಹೋಗುತ್ತಂತೆ,
ಪಕ್ಕದ ಅಂಗಡಿಯ ವಿಠೋಬ ಹೇಳುತ್ತಲೇ ಇದ್ದಾನೆ.
ತಿಕ್ಕಿಲ್ಲ.