ಎಂಟು ಗಜ

ಎಲ್ಗಿನ್ ಪೇಟೆಯ ಅಂಗಡಿಯ ಮುದುಕಿ
ಕನ್ನಡಕದ ಮೇಲಿಂದ ನೋಡಿ ಮೊದಲು ಕೇಳಿದ್ದು
ಸೊಂಟದ ಅಳತೆಯಲ್ಲ, ಕುಲ.
"ಸೀಟನ್," ಅಂದೆ. ಕೂಡಲೇ ಏಣಿ ಹತ್ತಿ
ಕೆಂಪು ಥಾನೊಂದನ್ನು ಇಳಿಸಿಯೇಬಿಟ್ಟಳು,
ಮೇಜಿನ ಮೇಲೆ ಧೊಪ್ಪನೆ ಒಂದು ವಂಶ.

ನಿಜ ಹೇಳಬೇಕಾಯಿತು.
ಸೀಟೌನ್ ಓಣಿಯ ಕೊನೆಗೆ, ಬಲೆ ಒಣಹಾಕುವ ಗಳದಡಿ,
ಹೆರಿಂಗ್ ಮೀನಿನ ಪೆಟ್ಟಿಗೆಯಲ್ಲಿ ಸಿಕ್ಕ ಕೂಸು ನಾನು;
ಅನಾಥಾಲಯದ ಮೇಟ್ರನ್ನಿಗೆ ಕಾಗುಣಿತ ಬರುತ್ತಿರಲಿಲ್ಲ.
ಈ ಕೆಂಪು ಬೇರೆಯವರದು.

ಆಕೆ ನಗಲಿಲ್ಲ. "ತಗೋ, ಯಾರು ಕೇಳುತ್ತಾರೆ?
ಬಣ್ಣದ ಬಾನಿಯಲ್ಲಿ ಆವತ್ತು ಏನು ಉಳಿದಿತ್ತೋ
ನೇಯುವವನು ಅದನ್ನೇ ನೇಯ್ದ.
ಕುಲ ಬಂದದ್ದು ಆಮೇಲೆ, ಬೆಲೆಚೀಟಿಯ ಜೊತೆ."
ಆದರೂ ಮನಸ್ಸು ಒಪ್ಪಲಿಲ್ಲ.

ಗುರುವಾರ ಮಣ್ಣು. ಹೊಸದು ಹೊಲಿಯಲು ಆರು ವಾರ ಬೇಕು.
ಇಷ್ಬೆಲ್ ಹೋದ ಮಾರನೆಯ ದಿನ ಅಡುಗೆಮನೆಯ ಅಟ್ಟದಲ್ಲಿ
ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಅವಳ ಅಕ್ಷರ:
"ಗಿಲ್ಬರ್ಟನ ಕಿಲ್ಟಿಗೆ. ಮದುವೆಗೆ."
ಒಳಗೆ ಮೀನು ಕೊಯ್ದ ಕೂಲಿ, ವರ್ಷವರ್ಷದ್ದು,
ರಬ್ಬರ್ ಬ್ಯಾಂಡು ಕರಗಿ ನೋಟಿಗೆ ಅಂಟಿ,
ಅರ್ಧಕ್ಕರ್ಧ ಈಗ ಚಲಾವಣೆಯಲ್ಲೇ ಇಲ್ಲದವು.
ನನಗೆ ಮದುವೆಯೂ ಆಗಲಿಲ್ಲ.
ಅವಳು ಎಂದೂ ಕೇಳಲಿಲ್ಲ,
ಹಾಕುವುದನ್ನೂ ನಿಲ್ಲಿಸಲಿಲ್ಲ.

ಅಂಗಡಿಯ ಹಿಂಬದಿಗೆ ಯಾರೋ ಉಟ್ಟು ಬಿಟ್ಟವುಗಳ ಸಾಲು.
ಕಡುಹಸಿರು, ಕಡುನೀಲಿ, ನಡುವೆ ಕಪ್ಪು.
"ಇದು ಹೆಸರಿಲ್ಲದವರಿಗೂ ಸಲ್ಲುತ್ತದೆ," ಅಂದಳು.
ಚರ್ಮದ ಪಟ್ಟಿಯಲ್ಲಿ ಮೂರು ತೂತು,
ಮೂರನೆಯದು ಸವೆದು ಉದ್ದವಾಗಿತ್ತು:
ಯಾರೋ ನಿಧಾನ ದಪ್ಪಗಾಗಿದ್ದ, ಸುಖವಾಗಿ.
ನಾನು ಮೊದಲನೆಯದಕ್ಕೆ ಬಂದೆ.
ಹಳೆಯ ನೋಟುಗಳನ್ನೂ ಎಣಿಸಿ ತೆಗೆದುಕೊಂಡಳು,
ಬ್ಯಾಂಕಿಗೆ ತಾನೇ ಹೋಗುತ್ತೇನೆಂದು.

ಎಂಟು ಗಜ ಉಣ್ಣೆ. ನೆರಿಗೆಯೆಲ್ಲ ಬೆನ್ನಿಗೆ,
ಮುಂದೆ ಬರೀ ಬಯಲು.
ಒಂದರ ಮಡಿಲಲ್ಲಿ ಒಂದು ಬಚ್ಚಿಟ್ಟುಕೊಂಡು
ಹೊರಗೆ ಅದೇ ಚೌಕ, ಅದೇ ಗೆರೆ,
ಏನನ್ನೂ ಮಡಚಿಯೇ ಇಲ್ಲವೆಂಬಂತೆ.
ತೂಕವೋ ತೂಕ, ಒದ್ದೆ ಬಲೆ ಸೊಂಟಕ್ಕೆ ಸುತ್ತಿದ ಹಾಗೆ.
"ನಡಿಗೆ ತಾನಾಗಿ ಬರುತ್ತದೆ," ಮುದುಕಿ ಹೇಳಿದಳು,
"ಕೂರುವುದನ್ನು ಕಲಿಯಬೇಕು."

ಕಲಿಯಲಿಲ್ಲ. ಚರ್ಚಿನ ಬೆಂಚಿನ ಮೇಲೆ ಕೂರುವಾಗ
ಕೈ ತಾನೇ ಹಿಂದಕ್ಕೆ ಹೋಗಿ ನೆರಿಗೆ ಸವರಿತು.
ಇಷ್ಬೆಲ್ ಹಾಗೇ ಕೂರುತ್ತಿದ್ದಳು ಒಲೆಯ ಪಕ್ಕ,
ಲಂಗವನ್ನು ಒಂದೇ ಸಲಕ್ಕೆ ಸವರಿ, ಉಸ್ಸೆಂದು.
ಐವತ್ತೆರಡು ವರ್ಷ ಕಣ್ಣು ಸುಮ್ಮನೆ ನೋಡಿದ್ದನ್ನು
ಕೈ ಕದ್ದಿಟ್ಟುಕೊಂಡಿತ್ತು.

ಬಾಗಿಲಲ್ಲಿ ಚೀಟಿ ಹಂಚಿದರು.
ಪೆಟ್ಟಿಗೆ ಇಳಿಸಲು ಎಂಟು ಹಗ್ಗ, ಎಂಟು ನಂಬರು.
ತಲೆಯ ಕಡೆಯದು ಒಂದು; ಅದು ಹೊಟ್ಟೆಯಲ್ಲಿ ಹುಟ್ಟಿದವರದು.
ಪರ್ತ್‌ನಿಂದ, ಆಸ್ಟ್ರೇಲಿಯಾದ ಪರ್ತ್‌ನಿಂದ, ಬಂದ ಫಾರ್ಕರ್
ನನ್ನ ಚೀಟಿ ನೋಡಿದ, ತನ್ನದು ನೋಡಿದ,
ತಾಯಿಯ ಕೈಬರಹದ "೧" ಅನ್ನು ಗುರುತು ಹಿಡಿದ,
ಏನೂ ಅನ್ನದೆ ಕಾಲಿನ ಕಡೆಗೆ ನಡೆದ.

ಗುಡ್ಡದ ನೆತ್ತಿಯಲ್ಲಿ ಗೋರಿಗಳು, ಕೆಳಗೆ ಬೂದುಗಡಲು.
ಇಂಥ ಹೊತ್ತಲ್ಲೂ ದೋಣಿಯ ಗೆಳೆಯ ಮರ್ಡೊ ಪಿಸುಗುಟ್ಟಿದ:
"ಒಳಗೇನು ಹಾಕಿದ್ದೀಯೋ?"
"ಗಾಳಿ," ಅಂದೆ.

ಪೆಟ್ಟಿಗೆ ತಳ ಮುಟ್ಟಿ ಹಗ್ಗ ಸಡಿಲಾಯಿತು.
ಬಿಡಲೆಂದು ಬಗ್ಗಿದಾಗ
ನನ್ನ ಮೊಣಕಾಲು ನನಗೇ ಕಂಡಿತು.
ಏಳು ವರ್ಷದವನು ಚಡ್ಡಿಯಲ್ಲಿ ಅವಳ ಮನೆಗೆ ಬಂದ ವಾರ
ಬಂದರಿನ ಕಲ್ಲಿಗೆ ಬಿದ್ದು ಆದ ಗಾಯ,
ಗಾಳದ ಕೊಕ್ಕೆಯಂಥ ಬಿಳಿ ಕಲೆ.
ಉಗುಳು ಹಚ್ಚಿ ಒರೆಸಿದ್ದಳು, ಬೈಯುತ್ತ;
ಬೆರಳಲ್ಲಿ ಮೀನಿನ ಉಪ್ಪಿತ್ತು, ಉರಿದಿತ್ತು.
ಆಮೇಲೆ ಉದ್ದ ಪ್ಯಾಂಟು. ಅವಳ ಹೊರತು
ಅದು ಇರುವುದೇ ಯಾರಿಗೂ ಗೊತ್ತಿರಲಿಲ್ಲ.

ಈಗ ಕಡಲಗಾಳಿಗೆ ಮೊಣಕಾಲಿಡೀ
ಕೆಂಪಗಾಗಿದೆ.